ಎಡಗಡೆಯದು ಬಲಗಡೆ

ಕಾಪರ್ ಲ್ಯಾಂಡಿಂಗ್, ಮಿಶಿಗನ್
ನವೆಂಬರ್ 11, 2018, ಭಾನುವಾರ

ಮುದ್ದು ಬ್ರಿಟ್ಟಾ,

ಈ ಕಾಗದವನ್ನು ಬಾಗಿಲಲ್ಲೇ ನಿಂತು ಓದಬೇಡ. ಐಲಿ ಶಾಲೆಗೆ ಹೋದ ಮೇಲೆ ಕಾಫಿ ಹಾಕಿಕೊಂಡು ಕೂತು ಓದು. ಫೋನಿನಲ್ಲೇ ಹೇಳಬಹುದಿತ್ತಲ್ಲ ಎನ್ನುತ್ತೀಯೆ. ಫೋನಿನಲ್ಲಿ ಮಾತು ಮರೆಸುವುದರಲ್ಲಿ ನಿನ್ನ ಅಮ್ಮ ಎಷ್ಟು ಜಾಣೆ ಎನ್ನುವುದು ನಿನಗೆ ಗೊತ್ತೇ ಇದೆ.

ಮೊದಲು ಮುಖ್ಯ ವಿಷಯ. ಆ ಕೆಲಸ ಬೇಡವೆಂದು ಬರುವ ಶುಕ್ರವಾರದೊಳಗೆ ಬರೆದು ಕಳಿಸುತ್ತೇನೆ ಎಂದೆಯಲ್ಲ, ಕಳಿಸಬೇಡ. ತೋಟದ ಮನೆಗಳನ್ನು ಸುತ್ತಿ, ಹಾಸಿಗೆ ಹಿಡಿದ ಮುದುಕರಿಗೆ ಇಂಜೆಕ್ಷನ್ ಕೊಡುವ, ಗಾಯ ತೊಳೆಯುವ ನರ್ಸ್ ಕೆಲಸ ಅದು. ನೀನು ಓದಿದ್ದೇ ಅದಕ್ಕೆ. "ದಿನಾ ಕಾರು ಓಡಿಸ್ಬೇಕಲ್ಲಮ್ಮಾ, ನನ್ ಕೈಲಾಗಲ್ಲ. ನನ್ ಕಾಲನ್ನ ನಾನೇ ನಂಬಲ್ಲ" ಎಂದೆ. ಫೋನ್ ಇಟ್ಟ ಮೇಲೆ ಎರಡು ದಿನ ನನಗೆ ಅನ್ನ ನೀರು ಸೇರಲಿಲ್ಲ.

ಗುರುವಾರ ಶೆಡ್ಡಿಗೆ ಹೋಗಿ ನೀಲಿ ಕಾರಿನ ಮೇಲಿನ ಟಾರ್ಪಾಲು ಎಳೆದೆ. ನೀನು ಹೋದ ವರ್ಷ ಈಸ್ಟರ್‌ಗೆ ಬಂದಾಗ ನಡೆದ ಆ ಅಪಘಾತದ ನಂತರ ನಾನು ಅದನ್ನು ಮುಟ್ಟಿರಲಿಲ್ಲ. ಹತ್ತೊಂಬತ್ತು ತಿಂಗಳು ನಿಂತಲ್ಲೇ ನಿಂತು ಬ್ರೇಕಿನ ಡಿಸ್ಕು ಬೆಲ್ಲದ ಬಣ್ಣಕ್ಕೆ ತಿರುಗಿತ್ತು. ಸರಿಮಾಡಿಟ್ಟರೆ ಕ್ರಿಸ್‌ಮಸ್‌ಗೆ ನೀನು ಬಂದಾಗ ಪಕ್ಕದಲ್ಲಿ ಕೂತು ನಿನ್ನ ಕೈಯಲ್ಲಿ ಓಡಿಸಬಹುದು ಎಂದುಕೊಂಡೆ.

ನಮ್ಮ ಕಡೆಯ ಕಾರಿನ ಬ್ರೇಕು ಬಿಚ್ಚುವುದೆಂದರೆ ಏನು ಎಂದು ನಿನಗೆ ಹೇಳಬೇಕಿಲ್ಲ. ಅರ್ಧ ವರ್ಷ ಹಿಮ ಕರಗಲೆಂದು ರಸ್ತೆಗೆ ಉಪ್ಪು ಸುರಿಯುತ್ತಾರೆ, ಕಬ್ಬಿಣವೆಲ್ಲ ತುಕ್ಕು ಹಿಡಿಯುತ್ತದೆ. ಉಪ್ಪು ತಿಂದವನು ನೀರು ಕುಡಿಯಬೇಕಂತೆ. ನಮ್ಮೂರ ಬೋಲ್ಟು ಉಪ್ಪು ತಿಂದು ನನ್ನ ರಕ್ತ ಕುಡಿಯುತ್ತದೆ. ಎಡಗಡೆ ಚಕ್ರದಲ್ಲಿ, ಡಿಸ್ಕನ್ನು ಅದುಮಿ ನಿಲ್ಲಿಸುವ ಕ್ಯಾಲಿಪರನ್ನು ಹಿಡಿದಿರುವುದು ಎರಡೇ ಬೋಲ್ಟು. ಒಂದು ಹೇಳಿದ ಮಾತು ಕೇಳಿತು. ಇನ್ನೊಂದರ ತಲೆ ಸವೆದು ಬಟಾಣಿಯಂತೆ ಗುಂಡಗಾಯಿತು. ಎಣ್ಣೆ ಸಿಂಪಡಿಸಿ ಕಾದೆ, ಬೆಂಕಿ ಹಿಡಿದೆ, ಪೈಪು ಸಿಕ್ಕಿಸಿ ಅದರ ಮೇಲೆ ಹತ್ತಿ ನಿಂತೆ. ಕೊನೆಗೆ ಅದು ಬಂದಾಗ ನಾನೂ ಅದರ ಜೊತೆಗೇ ನೆಲಕ್ಕೆ ಬಂದೆ. ಡಿಸ್ಕು ಇನ್ನೂ ಹಟಮಾರಿ. ಮುಕ್ಕಾಲು ಗಂಟೆ ಸುತ್ತಿಗೆಯಲ್ಲಿ ಬಡಿದೆ; ಆಚೆಮನೆ ನಾಯಿ ಮೊದಮೊದಲು ಬೊಗಳಿ, ಆಮೇಲೆ ಸಾಕಾಗಿ ಮಲಗಿತು. ಶುಕ್ರವಾರ ಪೇಟೆಗೆ ಹೋಗಿ ತಂದ ಹೊಸ ಬ್ರೇಕ್ ಪ್ಯಾಡು ಕೂರಲೇ ಇಲ್ಲ. ಅದೇ ವರ್ಷದ ಅದೇ ಕಾರಿಗೆ ಎರಡು ಅಳತೆಯಂತೆ. ಮತ್ತೆ ಪಿಕಪ್ ಹತ್ತಿ ಹೋದೆ. ಅಂಗಡಿಯವನು "ದೊಡ್ಡದು ಬೇಕಾ, ಚಿಕ್ಕದು ಬೇಕಾ?" ಎಂದು ಕೇಳಿದ. "ಕಾರು ನಿಲ್ಲಿಸೋದು ಬೇಕು" ಎಂದೆ. ಅವನಿಗೆ ನಗು ಬರಲಿಲ್ಲ.

ಶನಿವಾರ ಬೆಳಿಗ್ಗೆ ನೆರೆಯ ವೈನೋ ಬಂದ. ಎಂಬತ್ತೊಂದಾಯಿತು ಮುದುಕನಿಗೆ, ಮಂಡಿ ಎರಡೂ ಹೋಗಿವೆ. ಕೂರುವುದಕ್ಕೆ ತನ್ನದೇ ಬಕೆಟ್ಟು, ನನಗೆಂದು ಏಲಕ್ಕಿ ಹಾಕಿದ ನಿಸು ರೊಟ್ಟಿ ಹಿಡಿದು ಬಂದಿದ್ದ. ಬ್ರೇಕಿನ ಎಣ್ಣೆ ಪೈಪಿನಿಂದ ಗಾಳಿ ತೆಗೆಯುವುದಕ್ಕೆ ಇಬ್ಬರು ಬೇಕಲ್ಲ, ಒಬ್ಬರು ಪೆಡಲ್ ಒತ್ತಲು, ಇನ್ನೊಬ್ಬರು ನಟ್ಟು ಸಡಿಲಿಸಲು; ಅದಕ್ಕೇ ಕರೆದಿದ್ದೆ.

"ಏನಮ್ಮಾ ವರ್ನಾ, ಗರಾಜಿಗೆ ಕೊಟ್ಟಿದ್ರೆ ಇಷ್ಟೊತ್ತಿಗೆ ಸೌನಾದ ಹಬೇಲಿ ಬೆವರ್ತಾ ಕೂತಿರ್ಬೋದಿತ್ತು" ಎಂದ.

"ಇಲ್ಲೇ ಬೆವರ್ತಿದೀನಲ್ಲ. ಗರಾಜಿನವ್ನು ಮಾಡೋದನ್ನೇ ನಾನೂ ಮಾಡ್ತೀನಿ. ಅವ್ನಿಗೆ ನನ್ನಷ್ಟು ಬೈಗುಳ ಬರಲ್ಲ, ಅಷ್ಟೇ ವ್ಯತ್ಯಾಸ" ಎಂದೆ.

ನಗುತ್ತಾ ಬಕೆಟ್ಟನ್ನು ಬಲಗಡೆ ಚಕ್ರದ ಹತ್ತಿರ ಎಳೆದುಕೊಂಡ. ಆ ಕಡೆ ನಾನು ಚಕ್ರ ಕಳಚಿದ್ದೆ ಅಷ್ಟೆ, ಬ್ರೇಕಿಗೆ ಕೈ ಹಚ್ಚಿರಲಿಲ್ಲ. ಅವನು ಬಗ್ಗಿ ನೋಡಿದ. ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ನೋಡಿದ.

"ವರ್ನಾ, ಈ ನಟ್ಟು ಯಾಕೆ ನೆಲ ನೋಡ್ತಾ ಇದೆ?"

ಬ್ರಿಟ್ಟಾ, ಈಗ ನಿಧಾನವಾಗಿ ಓದು. ಕ್ಯಾಲಿಪರಿನಲ್ಲಿ ಗಾಳಿ ಬಿಡುವ ಒಂದು ಪುಟ್ಟ ನಟ್ಟು ಇರುತ್ತದೆ. ಅದು ಮೇಲುಗಡೆ ಇರಬೇಕು, ಯಾಕೆಂದರೆ ಗಾಳಿ ಮೇಲಕ್ಕೇ ಹೋಗುವುದು. ಎಡಗಡೆಯ ಕ್ಯಾಲಿಪರು, ಬಲಗಡೆಯ ಕ್ಯಾಲಿಪರು ಅವಳಿ ಮಕ್ಕಳಿದ್ದಂತೆ. ಯಾವುದನ್ನು ಯಾವ ಕಡೆ ಹಾಕಿದರೂ ಕೂರುತ್ತವೆ. ಅದಲುಬದಲಾದರೆ ಆ ನಟ್ಟು ಮಾತ್ರ ಕೆಳಕ್ಕೆ ಬರುತ್ತದೆ. ಆಗ ಬ್ರೇಕಿನ ಎಣ್ಣೆ ಎಷ್ಟು ಹರಿಸಿದರೂ ಗಾಳಿ ಮೇಲೆಯೇ ಕೂತಿರುತ್ತದೆ. ಪೆಡಲ್ ಒತ್ತಿದರೆ ಬ್ರೇಕು ಹಿಡಿಯುವ ಮೊದಲು ಆ ಗಾಳಿ ಕುಗ್ಗುತ್ತದೆ, ಕಾಲು ನೆಲದವರೆಗೆ ಹೋಗುತ್ತದೆ. ಎರಡು ಮೂರು ಸಲ ಬೇಗಬೇಗ ಒತ್ತಿದರೆ ಮಾತ್ರ ಗಟ್ಟಿಯಾಗುತ್ತದೆ.

ಹೋದ ವರ್ಷ ಎರಡೂ ಕ್ಯಾಲಿಪರ್ ಹೊಸದು ಹಾಕಿದವಳು ನಾನು. ಒಂದು ಕಡೆ ಪೂರ್ತಿ ಮುಗಿಸಿ ಆಮೇಲೆ ಇನ್ನೊಂದು ಕಡೆ ಬಿಚ್ಚು ಎಂದು ನಿನ್ನ ತಾತ ನನಗೆ ಕಲಿಸಿದ್ದರು, ನಾನು ನಿನಗೆ ಕಲಿಸಿದ್ದೆ. ಅವತ್ತು ಚಳಿ, ಬೆರಳು ಮರಗಟ್ಟಿತ್ತು. ಎರಡೂ ಡಬ್ಬಿಗಳನ್ನು ಅಡುಗೆಮನೆಗೆ ತಂದು ಒಲೆಯ ಪಕ್ಕ ಬಿಚ್ಚಿ, ಎರಡನ್ನೂ ಏಪ್ರನ್ನಿನಲ್ಲಿ ಸುತ್ತಿಕೊಂಡು ಶೆಡ್ಡಿಗೆ ಹೋದೆ. ಯಾವುದು ಎಡ, ಯಾವುದು ಬಲ ಎಂದು ನೋಡಲೇ ಇಲ್ಲ. ನನಗೆ ತಿಳಿಯದ್ದು ಏನಿದೆ ಎಂಬ ಜಂಬ.

ಆವತ್ತು ಸೀಟಿನಲ್ಲಿ ಕೂತು ಪೆಡಲ್ ಒತ್ತಿಕೊಟ್ಟವಳು ನೀನು. "ಅಮ್ಮಾ, ಇನ್ನೂ ಮೆತ್ತಗಿದೆ" ಎಂದೆ. ಒಂದು ಸಲವಲ್ಲ, ಮೂರು ಸಲ ಹೇಳಿದೆ. "ನಿನ್ ಕಾಲಲ್ಲಿ ಕಸುವಿಲ್ಲ, ಆಸ್ಪತ್ರೆ ಊಟ ತಿಂದು ತಿಂದು ಹಾಗಾಗಿದೀಯ" ಎಂದು ಹಾಸ್ಯ ಮಾಡಿ ನಾನೇ ಕೂತು ಒತ್ತಿದೆ. ಗಟ್ಟಿಯಾಗಿಯೇ ಇತ್ತು. ಜೀವಮಾನವೆಲ್ಲ ಹಳೇ ಕಾರು ಓಡಿಸಿದವಳು ನಾನು. ನನಗೆ ಗೊತ್ತಿಲ್ಲದೆಯೇ ನನ್ನ ಕಾಲು ಎರಡು ಸಲ ಒತ್ತಿಬಿಡುತ್ತದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಾನು ನೆಲವನ್ನೂ ಬಿಟ್ಟು ಮಗಳ ಕಾಲು ಡೊಂಕು ಎಂದೆ.

ಮಾರನೆಯ ದಿನ ನೀನು ಐಲಿಯನ್ನು ಹಿಂದೆ ಕೂರಿಸಿಕೊಂಡು ಹೊರಟೆ. ಸ್ಕೂಲ್ ಹಿಲ್ಲಿನ ಇಳಿಜಾರು, ಕರಗಿದ ಹಿಮದ ಕೆಸರು, ಕೆಳಗೆ ಚರ್ಚಿನ ಕಲ್ಲುಮೆಟ್ಟಿಲು; ಕಾರು ಅದಕ್ಕೇ ಹೋಗಿ ಬಡಿಯಿತು. ನಾಲ್ಕು ವರ್ಷದ ಮಗುವಿನ ಭುಜದೆಲುಬು ಮುರಿಯಿತು. ಆಸ್ಪತ್ರೆಯಲ್ಲಿ ನೀನು ಎಲ್ಲರಿಗೂ ಒಂದೇ ಮಾತು ಹೇಳುತ್ತಿದ್ದೆ: "ಒತ್ತಿದೆ, ನೆಲದವರೆಗೂ ಹೋಯ್ತು." ನಿನ್ನ ಗಂಡ ಕರ್ಟ್ ಮತ್ತು ಪೊಲೀಸಿನವನ ಮುಂದೆ ನಾನೇನು ಹೇಳಿದೆ, ನೆನಪಿದೆ ತಾನೆ? "ಗಾಬರೀಲಿ ಬ್ರೇಕ್ ಬದ್ಲು ವೇಗ ಕೊಡೋ ಗ್ಯಾಸ್ ಪೆಡಲ್ ಒತ್ತಿರ್ತಾಳೆ. ಚಿಕ್ಕಂದಿನಿಂದ್ಲೂ ಹಾಗೇ ಇವ್ಳು." ಪೊಲೀಸಿನವನಿಗೆ ಪೆಡಲ್ ಒತ್ತಿ ತೋರಿಸಿದವಳೂ ನಾನೇ. ಅವನು ಬಗ್ಗುವಷ್ಟರಲ್ಲಿ ನನ್ನ ಕಾಲು ಎರಡು ಸಲ ಒತ್ತಿ ಮುಗಿಸಿತ್ತು. ನಿನಗೆ ಆ ಇಳಿಜಾರಿನಲ್ಲಿ ಎರಡನೇ ಸಲ ಒತ್ತಲು ಸಮಯವೆಲ್ಲಿತ್ತು?

ಆ ಬೇಸಿಗೆಯಲ್ಲಿ ನೀನೇ ಹೇಳಿದೆ, "ಇರ್ಬೋದಮ್ಮಾ, ಗ್ಯಾಸೇ ಒತ್ತಿರ್ಬೋದು" ಎಂದು. ನಿನ್ನ ಕಾರಿನ ಬೀಗದಕೈಯನ್ನು ನೀನೇ ಕರ್ಟ್‌ಗೆ ಕೊಟ್ಟೆ. ನಿಮ್ಮ ಡುಲೂತ್‌ನ ಆ ಕೊರೆಯುವ ಗಾಳಿಯಲ್ಲಿ ಮಗುವನ್ನು ಕಟ್ಟಿಕೊಂಡು ಬಸ್ಸಿಗೆ ಕಾಯುತ್ತೀಯೆ. 

ನೀನು ಬ್ರೇಕೇ ಒತ್ತಿದ್ದು, ಮಗಳೇ. ಸರಿಯಾಗಿ ಒತ್ತಿದ್ದೆ, ಸಮಯಕ್ಕೂ ಒತ್ತಿದ್ದೆ. ತಪ್ಪು ನಿನ್ನ ಕಾಲಿನದಲ್ಲ, ನನ್ನ ಕೈಯದು. ಇದು ನನಗೆ ಶನಿವಾರ ವೈನೋ ತೋರಿಸಿದ ಮೇಲೆ ತಿಳಿಯಿತು.

ಎರಡನ್ನೂ ಬಿಚ್ಚಿ ಸರಿಯಾದ ಕಡೆ ಹಾಕಿದೆ. ವೈನೋ ಮಂಡಿ ಹಿಡಿದುಕೊಂಡು ನರಳುತ್ತಾ ಸೀಟಿನಲ್ಲಿ ಕೂತು "ಒತ್ತಿದೆ, ಹಿಡ್ದಿದೀನಿ, ಬಿಡ್ಲಾ?" ಎನ್ನುತ್ತಿದ್ದ. ಗಾಳಿ ಗುಳುಗುಳು ಎಂದು ಹೊರಗೆ ಬಂತು. ಸಂಜೆ ನಾನೇ ಸ್ಕೂಲ್ ಹಿಲ್ ಇಳಿಸಿದೆ. ಕಾಲನ್ನು ಒಂದೇ ಸಲ ಒತ್ತಬೇಕೆಂದು ಹಲ್ಲು ಕಚ್ಚಿಕೊಂಡಿದ್ದೆ. ಕಾರು ಇಳಿಜಾರಿನ ಅರ್ಧದಲ್ಲೇ ನಿಂತಿತು. ಅಲ್ಲೇ ಸ್ಟೀರಿಂಗ್ ಮೇಲೆ ತಲೆಯಿಟ್ಟು ಅತ್ತೆ.

ನಾಳೆ ಪೊಲೀಸ್ ಠಾಣೆಗೆ ಹೋಗಿ ಇದನ್ನೆಲ್ಲ ಬರೆಸುತ್ತೇನೆ. ಕರ್ಟ್‌ಗೆ ಬೇರೆ ಕಾಗದ ಬರೆದಿದ್ದೇನೆ. ಐಲಿಗೆ ನೀನೇ ಹೇಳು: ಅಮ್ಮ ಬ್ರೇಕ್ ಒತ್ತಿದ್ದಳು, ಅಜ್ಜಿ ಅದನ್ನು ಕೆಡಿಸಿಟ್ಟಿದ್ದಳು ಅಂತ. ಮಕ್ಕಳಿಗೆ ಇಂಥದ್ದು ನಮಗಿಂತ ಬೇಗ ಅರ್ಥವಾಗುತ್ತದೆ.

ಇಂತಿ, ನಿನ್ನ ಮಾತು ಕೇಳದೇ ಹೋದ,
ಅಮ್ಮ
ವರ್ನಾ

ತಾ.ಕ.: ಕವರು ಅಂಟಿಸಿದ್ದೆ, ಮತ್ತೆ ಹರಿದೆ. ಮೇಲೆ ಒಂದು ಸುಳ್ಳಿದೆ. ವೈನೋ ಶನಿವಾರ ನೋಡಿದ್ದು ನಿಜ. ಆದರೆ ನಾನು ನೋಡಿದ್ದು ಆವತ್ತಲ್ಲ. ಅಪಘಾತವಾದ ಒಂಬತ್ತನೇ ದಿನ, ಚಕ್ರ ಸೊಟ್ಟಗಾಗಿದೆಯೇ ಎಂದು ಬಿಚ್ಚಿದಾಗ ನಟ್ಟು ಕಂಡಿತ್ತು. ಮಗುವಿನ ಭುಜದ ಪಟ್ಟಿ ಇನ್ನೂ ಬಿಚ್ಚಿರಲಿಲ್ಲ. ನಾನು ಚಕ್ರ ಹಾಕಿ, ಟಾರ್ಪಾಲು ಹೊದಿಸಿ, ಒಳಗೆ ಬಂದು ಕೈ ತೊಳೆದುಕೊಂಡೆ. ನೀನು "ಗ್ಯಾಸೇ ಒತ್ತಿರ್ಬೋದು" ಎಂದಾಗ ನನಗೆ ಎಲ್ಲ ಗೊತ್ತಿತ್ತು. ಆಲೂಗಡ್ಡೆ ಸುಲಿಯುತ್ತಾ "ಹೋಗ್ಲಿ ಬಿಡು, ಆಗಿದ್ದಾಯ್ತು" ಎಂದೆ. ಈ ಶನಿವಾರವೂ ಯಾರೂ ನೋಡುವ ಮೊದಲೇ ಅದಲುಬದಲು ಮಾಡಿ ಸುಮ್ಮನಾಗುವ ಯೋಚನೆಯೇ ಇತ್ತು. ವೈನೋ ಒಂದು ಗಂಟೆ ಮುಂಚೆ ಬಂದುಬಿಟ್ಟ. ನನ್ನ ಮುಖ ನೋಡಿ, "ನಿಂಗಿದು ಮೊದ್ಲೇ ಗೊತ್ತಿತ್ತು, ಅಲ್ವಾ?" ಎಂದ. ಹೌದೆಂದೆ. "ನಂಗ್ ಹೇಳಿ ಏನ್ ಬಂತು, ಆ ಹುಡ್ಗಿಗೆ ಹೇಳು" ಎಂದು ಪೆಡಲ್ ಒತ್ತಲು ಹೋದ. ಇದನ್ನು ಹೊಟ್ಟೆಗೆ ಹಾಕಿಕೋ ಎಂದು ಕೇಳುವ ಮುಖ ನನಗಿಲ್ಲ. ನನಗೆ ಉತ್ತರ ಬರೆಯದಿದ್ದರೂ ಸರಿ, ಬ್ರಿಟ್ಟಾ. ಆ ಕೆಲಸದವರಿಗೆ ಮಾತ್ರ ಬರುತ್ತೇನೆ ಎಂದು ಬರಿ.