ಅಟ್ಟದ ಮೇಲಿನ ಬಾಣಂತಿ

ಅರಳಗುಪ್ಪೆ
12-11-2024, ಮಂಗಳವಾರ

ಚಿರಂಜೀವಿ ಕೃತಿಕಾಳಿಗೆ ನಿನ್ನ ಅಮ್ಮನ ಆಶೀರ್ವಾದಗಳು.

ನಾವಿಲ್ಲಿ ಚೆನ್ನಾಗಿದ್ದೇವೆ. ಈಗ ನಿನಗೆ ಏಳು ತಿಂಗಳು ತುಂಬಿತು, ಭಾರ ಎತ್ತಬೇಡ. ಹದಿನೈದು ದಿನದಿಂದ ಬರೆಯಬೇಕು ಎಂದುಕೊಂಡೇ ಇದ್ದೆ, ಆಗಲಿಲ್ಲ, ಬೇಜಾರು ಮಾಡಿಕೊಳ್ಳಬೇಡ. ಫೋನಿದೆಯಲ್ಲ ಅನ್ನಬೇಡ. ನೀನು ಸ್ಪೀಕರ್ ಹಾಕುತ್ತೀಯ, ಹುಳಿಯಾರಿನ ನಿಮ್ಮ ಮನೆಯವರೆಲ್ಲ ಕೇಳುತ್ತಾರೆ. ನಾನು ಈಗ ಹೇಳಹೊರಟಿರುವುದು ಬೀಗರ ಕಿವಿಗೆ ಬೀಳುವ ಮಾತಲ್ಲ. ನಿಮ್ಮ ಘನಂದಾರಿ ಅಪ್ಪನ ವಿಷಯ.

ಮಳೆಗಾಲದಲ್ಲಿ ಒಂದು ಕಂದು ಬೆಕ್ಕು ಬಂದು ಸೇರಿಕೊಂಡಿದೆ, ಕೆಂಚಿ ಎಂದು ಹೆಸರಿಟ್ಟಿದ್ದೇನೆ ಎಂದು ಹೇಳಿದ್ದೆನಲ್ಲ. ಬಂದಾಗ ಬರೀ ಮೂಳೆ, ಒಂದು ಕಿವಿ ಹರಿದಿತ್ತು. ಮುದ್ದೆಗೆ ಹಾಲು ಕಲಸಿ ಹಾಕಿ ಹಾಕಿ ಮೈ ತುಂಬಿಸಿದೆ. ಒಂದು ದಿನವೂ ಹಾಲಿನ ಪಾತ್ರೆಗೆ ಬಾಯಿ ಹಾಕಿದ್ದಿಲ್ಲ. ಅದು ಬಂದ ಮೇಲೆ ಅಟ್ಟದ ಮೇಲೆ ಇಲಿ ಕಾಟವೇ ನಿಂತುಹೋಗಿತ್ತು. ಹೋದ ತಿಂಗಳು ಅದರ ಹೊಟ್ಟೆ ಇಳಿಯಿತು. ಹುಡುಕಿದರೆ ಮರಿಗಳ ಜಾಗ ಬದಲಿಸುತ್ತದೆ ಎಂದು ನಾನು ಸುಮ್ಮನಿದ್ದೆ.

ಹೋದ ಗುರುವಾರ ನಿಮ್ಮಪ್ಪ ಟೆಂಪೋದಲ್ಲಿ ತಿಪಟೂರಿಗೆ ಕೊಬ್ಬರಿ ತೆಗೆದುಕೊಂಡು ಹೋದರು. ಆವತ್ತು ಸಂಜೆಯಿಂದ ಕೆಂಚಿ ಇಲ್ಲ. ಶುಕ್ರವಾರವೆಲ್ಲ ತೋಟ, ಹಿತ್ತಿಲು, ಪಕ್ಕದ ಮನೆಯ ಹಟ್ಟಿ ಎಲ್ಲ ಕಡೆ ಕೂಗಿಕೊಂಡು ಅಲೆದೆ. ಈ ಮನುಷ್ಯ ಜಗಲಿಯ ಮೇಲೆ ಕೂತು ನೋಡುತ್ತಲೇ ಇದ್ದರು. ಶನಿವಾರ ಬೆಳಿಗ್ಗೆ ಅಟ್ಟದ ಮೇಲೆ ಸಣ್ಣಗೆ ಕುಂಯ್ ಕುಂಯ್ ಶಬ್ದ.

"ಇಲಿ ಮರಿ ಕಣೇ, ಬುಡು" ಅಂದರು.

ನಾನೇನು ಇಲಿ ದನಿ ಕೇಳದವಳೇ? ದಬಾಯಿಸಿ ಕೇಳಿದಾಗ ಬಾಯಿ ಬಿಟ್ಟರು. ಕೊಬ್ಬರಿ ಮೂಟೆಗಳ ನಡುವೆ ಇನ್ನೊಂದು ಗೋಣಿಚೀಲದಲ್ಲಿ ಕೆಂಚಿಯನ್ನು ಕಟ್ಟಿಕೊಂಡು ಹೋಗಿ, ಮಾರ್ಕೆಟ್ಟಿನ ಹಿಂದೆ ಬಿಟ್ಟು ಬಂದಿದ್ದರಂತೆ! "ಅದು ಮರಿ ಹಾಕೈತೆ ಅಂತ ನಂಗೇನ್ ಗೊತ್ತು?" ಎಂದು ನನಗೇ ಜೋರು ಮಾಡಿದರು. ದಿನಾ ಎದುರಿಗೆ ಓಡಾಡುವ ಬೆಕ್ಕಿನ ಹೊಟ್ಟೆ ಕಾಣದ ಕಣ್ಣು, ಕಾಯಿಯ ಸಿಪ್ಪೆ ನೋಡಿ ಒಳಗಿನ ಕೊಬ್ಬರಿ ಹೇಗಿದೆ ಎಂದು ಹೇಳುತ್ತದಂತೆ.

ಏಣಿ ಹಾಕಿದೆ. ಅಡ್ಡ ನಿಂತರು. ನಿನಗೇ ಗೊತ್ತಲ್ಲ, ಅಟ್ಟಕ್ಕೆ ಸುರಿದ ಕಾಯಿಯನ್ನು ನೀರು ಬತ್ತಿ ಕೊಬ್ಬರಿಯಾಗುವ ತನಕ, ಹೆಚ್ಚೂ ಕಡಿಮೆ ಒಂದು ವರ್ಷ, ನಿಮ್ಮಪ್ಪ ಯಾರಿಗೂ ಮುಟ್ಟಗೊಡುವುದಿಲ್ಲ. "ರಾಶಿ ಕೆದಕಬ್ಯಾಡ ಕಣೇ, ಕಾಯೆಲ್ಲ ಕೆಟ್ಟೋಯ್ತವೆ" ಅಂದರು.

"ಕೆಡ್ಲಿ ಬುಡ್ರಿ. ಒಂದು ಬಾಣಂತೀನ ಚೀಲಕ್ಕೆ ತುಂಬಿದ ಮನೇಲಿ ಕೊಬ್ಬರಿ ಒಂದು ಚೆಂದಾಗಿರ್ಬೇಕಾ?" ಅಂದೆ.

ಒಬ್ಬಳೇ ಹತ್ತಿ, ಮೂಲೆಯ ರಾಶಿಯನ್ನು ಒಂದೊಂದೇ ಕಾಯಿಯಾಗಿ ಈಚೆಗೆ ಎತ್ತಿಟ್ಟೆ. ಸೊಂಟ ಬಿದ್ದುಹೋಯಿತು, ಧೂಳಿಗೆ ಉಸಿರು ಕಟ್ಟಿತು. ಮಧ್ಯಾಹ್ನದ ಹೊತ್ತಿಗೆ ಕಾಯಿಗಳ ಸಂದಿಯಲ್ಲಿ ಎರಡು ಮರಿ ಸಿಕ್ಕವು. ಆಗಷ್ಟೇ ಕಣ್ಣು ಬಿಟ್ಟಿದ್ದವು. ಒಂದು ತಣ್ಣಗಾಗಿತ್ತು. ಇನ್ನೊಂದು ಅದರ ಹೊಟ್ಟೆಗೆ ಬಾಯಿಟ್ಟು ಹಾಲು ಹುಡುಕುತ್ತಿತ್ತು. ಅಲ್ಲೇ ಕೂತು ಅತ್ತುಬಿಟ್ಟೆ ಕೃತಿಕಾ.

ಬದುಕಿದ್ದ ಮರಿಗೆ ಹತ್ತಿಯ ಬತ್ತಿಯಲ್ಲಿ ಹಾಲು ಹಿಂಡಿ, ಭಾನುವಾರ ಮೊದಲ ಬಸ್ಸಿಗೇ ತಿಪಟೂರಿಗೆ ಹೋದೆ. ಮಾರ್ಕೆಟ್ಟಿನ ಹಿಂದೆ ಮೋಟಾರ್ ರಿಪೇರಿ ಮಾಡುವ ಕರೀಂ ಸಾಬರ ಅಂಗಡಿಯಿದೆ. ವಿಚಾರಿಸುವಷ್ಟರಲ್ಲೇ ಅವರ ಬೆಂಚಿನ ಕೆಳಗೆ ಕೆಂಚಿಯ ಹರಿದ ಕಿವಿ ಕಂಡಿತು.

"ನಿಮ್ದೇನಮ್ಮಾ? ಎರಡು ದಿನ ಮೊಲೆ ಬಾತು ಒದ್ದಾಡ್ತು. ಮರಿ ಎಲ್ಲಾದ್ರೂ ಅವೇನೋ ಅಂತ ಈ ಬೀದಿ, ಚರಂಡಿಯೆಲ್ಲ ಹುಡುಕ್ದೆ" ಅಂದರು. ದಾರಿಯ ಬೆಕ್ಕಿಗಾಗಿ ಗ್ರೀಸ್ ಕೈಯಲ್ಲಿ ಚರಂಡಿ ಹುಡುಕಿದ ಮನುಷ್ಯ! ನನ್ನ ಗಂಡನ ಹೆಸರು ಹೇಳಲು ನಾಚಿಕೆಯಾಗಿ, ತಪ್ಪಿಸಿಕೊಂಡು ಬಂದಿತ್ತು ಎಂದು ಸುಳ್ಳು ಹೇಳಿದೆ. ಒಂದು ರಟ್ಟಿನ ಡಬ್ಬಕ್ಕೆ ತೂತು ಮಾಡಿ ಅದರಲ್ಲಿ ಕೂರಿಸಿಕೊಟ್ಟರು.

ಈಗ ತಾಯಿ, ಮರಿ ಎರಡೂ ಕೊಟ್ಟಿಗೆಯಲ್ಲಿವೆ. ಮರಿ ಹಾಲು ಕುಡಿಯುತ್ತಿದೆ. ಕೆಂಚಿ ಮಾತ್ರ ಆಗಾಗ ಅಟ್ಟ ಹತ್ತಿ ಇನ್ನೊಂದನ್ನು ಹುಡುಕುತ್ತದೆ. ನಿಮ್ಮಪ್ಪನ ಜೊತೆ ಮೂರು ದಿನದಿಂದ ನನಗೆ ಮಾತಿಲ್ಲ, ತಟ್ಟೆ ಇಟ್ಟು ಎದ್ದು ಬರುತ್ತೇನೆ. ಮುಂದಿನ ಸಲ ಫೋನ್ ಮಾಡಿದಾಗ ನೀನಾದರೂ ಅವರಿಗೆ ನಾಲ್ಕು ಬುದ್ಧಿಮಾತು ಹೇಳು. ನಿನ್ನ ಮಾತೆಂದರೆ ಕೇಳುತ್ತಾರೆ.

ನಿನ್ನ ಕೋಣೆಗೆ ಸುಣ್ಣ ಹೊಡೆಸಿದ್ದೇನೆ. ಹಳೆಯ ಹತ್ತಿಸೀರೆಗಳನ್ನು ಒಗೆದು ಮಡಿಸಿಟ್ಟಿದ್ದೇನೆ. ಹೊತ್ತಿಗೆ ಸರಿಯಾಗಿ ಉಣ್ಣು. ಹೂವಿನ ಹಾಗೆ ಹೆರಿಗೆಯಾಗಲಿ, ತಾಯಿ ಮಗು ನೂರು ಕಾಲ ಬಾಳಿ.

ನಿನ್ನ ಅಮ್ಮ,
ಗುರುಸಿದ್ದಮ್ಮ

ತಾ.ಕ.: ಕವರು ಅಂಟಿಸಲು ಕೂತಿದ್ದೆ. ನಿಮ್ಮಪ್ಪ ಬಂದು ಎದುರಿಗೆ ನಿಂತರು. "ಮಗು ಬರೋ ಮನೇಲಿ ಬೆಕ್ಕು ಇರಬಾರ್ದು ಅಂತ ಕೃತಿಕಾನ ಅತ್ತೆ ಅಂದವ್ರಂತೆ. ಕೃತಿಕಾನೇ ಬಿಟ್ಬಾ ಅಂದ್ಲು. ಅಮ್ಮಂಗೆ ಹೇಳ್ಬ್ಯಾಡ, ಅಮ್ಮ ಬೆಕ್ಕಿನ ಪರಾನೇ ನಿಲ್ತಾಳೆ ಅಂದ್ಲು" ಎಂದರು. ನಿನ್ನ ಹೆಸರು ಬರಬಾರದೆಂದು ಇಷ್ಟು ದಿನ ನನ್ನ ಬೈಗುಳವೆಲ್ಲ ತಿಂದರು.

ನಾಳೆ ತಾಯಿ ಮರಿ ಎರಡನ್ನೂ ಕರೀಂ ಸಾಬರಿಗೆ ಕೊಟ್ಟು ಬರುತ್ತೇನೆ. ನನಗೊಂದು ಮಾತು ಹೇಳಿದ್ದರೆ ಆವತ್ತೇ ಎರಡೂ ಮರಿಗಳ ಸಮೇತ ಕೊಟ್ಟುಬರುತ್ತಿದ್ದೆ. ಬಾಣಂತನಕ್ಕೆ ನೀನು ಬಾ, ನಿನ್ನ ಆರೈಕೆಯಲ್ಲಿ ಒಂದು ಚೂರೂ ಕಡಿಮೆ ಮಾಡುವುದಿಲ್ಲ. ಆದರೆ ಇದೊಂದು ಹೇಳು. ನಿನ್ನನ್ನು ಬಿಟ್ಟು ನಾನು ಯಾವತ್ತು ಯಾರ ಪರ ನಿಂತಿದ್ದೆ?