ಬೀಗ ಹಾಕಿದ್ದ ಬಾವಿ

ಚಂದಕವಾಡಿ, ೧೯೫೪

ಅಪ್ಪಾ,

ನೀನು ಸತ್ತು ಎಂಟು ವರ್ಷವಾದರೂ ನಿನ್ನ ಮೇಲಿನ ಸಿಟ್ಟು ಇಳಿದಿಲ್ಲ. ಕೆಳಗಿನ ಕೇರಿಗೆ ಮತ್ತೆ ಕಾಲರಾ ಬಂದಿದೆ. ಕಳೆದ ಸಲ ನೀನು ಬೀಗ ಹಾಕಿಸಿದ್ದ ಬಾವಿಯಿಂದಲೇ ನೀರು ಸೇದಿ, ಕಾಯಿಸಿ, ಅಲ್ಲಿನ ಮನೆಮನೆಗೆ ಹೊರುತ್ತಿದ್ದೇನೆ. ಜನ ಸೇವೆ ಅನ್ನುತ್ತಾರೆ. ನನಗದು ನಿನ್ನ ಮೇಲಿನ ಹಗೆ.

ಇವತ್ತು ಆ ಕೇರಿಯ ಗುರುಸಿದ್ದಮ್ಮನಿಗೂ ಹೇಳಿದೆ: "ಅವತ್ತು ನಮ್ಮಪ್ಪ ನೀರು ಕೊಡಲಿಲ್ಲ, ಅದಕ್ಕೇ ಬಂದೆ."

ಹಾಸಿಗೆ ಹಿಡಿದ ಮೊಮ್ಮಗಳಿಗೆ ನೀರು ಕುಡಿಸುತ್ತಲೇ ಅವಳು ಅಂದಳು: "ಬುಡಿ ಬುದ್ಧೀ, ನಿಮ್ಮಪ್ಪಾರು ಅವತ್ತು ಊರಲ್ಲೇ ಇರ್ನಿಲ್ಲ. ನನ್ ಮಗ ಸಾಯ್ತಿದ್ದಾಗ ಕೊಡ ಇಡ್ಕಂಡು ಬಂದೆ. ಬಾಗ್ಲಲ್ಲಿ ನಿಂತಿದ್ದೋರು ನೀವು. ಬೀಗದ ಕೈ ನಿಮ್ ಸೊಂಟದಲ್ಲೇ ಇತ್ತು."

ನಾನು ಅಲ್ಲೇ ನಿಂತೆ.

"ನಿಂತ್ಕಂಡ್ರೆ ಮಗು ಉಳಿಯಕಿಲ್ಲ. ಇನ್ನೊಂದ್ ಕೊಡ ತನ್ನಿ."

ಹೋದೆ. ಆ ಕೊಡ ತುಂಬುವಾಗ ಬಯ್ಯಲು ನೀನು ಸಿಗಲಿಲ್ಲ.