ದಯವಿಟ್ಟು ಒಂದು ಖಾಲಿ ತಟ್ಟೆ ಇಡಿ

ಆಹಾರ ಪರೀಕ್ಷಾ ಕಚೇರಿಯ ಮುಖ್ಯಾಧಿಕಾರಿಗಳಿಗೆ,

ಮಾನ್ಯರೇ,

ನಮ್ಮ ದ್ರಾಕ್ಷಿ ರಸದಲ್ಲಿ ಬೂಷ್ಟು ಇದೆ ಎಂದು ತಮ್ಮ ಪ್ರಯೋಗಾಲಯ ಎರಡು ಸಲ ಹೇಳಿದೆ. ಆ ಬೂಷ್ಟು ನಮ್ಮದಲ್ಲ, ತಮ್ಮದು. ದಯವಿಟ್ಟು ಅದನ್ನು ಹಿಂದಕ್ಕೆ ಪಡೆಯಿರಿ ಎಂದು ಕೋರಿ ಬರೆದ ಯಾವ ಅರ್ಜಿಗೂ ತಮ್ಮಿಂದ ಉತ್ತರ ಬರಲಿಲ್ಲ. ಆದ್ದರಿಂದ ಈ ಸಲದ್ದನ್ನು ಪತ್ರಿಕೆಗೆ ಕಳಿಸುತ್ತಿದ್ದೇನೆ. ಇದಕ್ಕೆ ಉತ್ತರ ಬಂದೀತೆಂಬ ಭ್ರಮೆಯೂ ನನಗಿಲ್ಲ. ಆದರೆ ಬಾಯಿ ಮುಚ್ಚಿಕೊಂಡು ಕೂತು ಕೂತು ನನಗೇ ಹುಳಿ ಬಂದಂತಾಗಿದೆ.

ತಮಗೆ ನಾವು ಕಡತವೊಂದರ ಸಂಖ್ಯೆ ಮಾತ್ರವಾದ್ದರಿಂದ ಪರಿಚಯ ಹೇಳಿಕೊಳ್ಳುತ್ತೇನೆ. ನಾನು ಮತ್ತು ನನ್ನ ನಾದಿನಿ, ಅಂದರೆ ನನ್ನ ಗಂಡನ ತಂಗಿ, ಒಂದು ಹಳೆಯ ಸೈಕಲ್ ರಿಪೇರಿ ಶೆಡ್ಡನ್ನು ತೊಳೆದು, ಬಳಿದು, ಅದರಲ್ಲಿ ಹಣ್ಣಿನ ರಸ ಮಾಡುತ್ತಿದ್ದೆವು. ಜೊತೆಗೆ ನಾಲ್ವರು ಹೆಂಗಸರು. ರಸವನ್ನು ಕುದಿಯುವ ಹಂತಕ್ಕೆ ಕಾಯಿಸಿ, ಬಿಸಿಯಿರುವಾಗಲೇ ಬಾಟಲಿಗೆ ತುಂಬಿ, ಮುಚ್ಚಳ ಬಿಗಿದು, ಬಾಟಲಿಯನ್ನು ತಲೆಕೆಳಗಾಗಿ ನಿಲ್ಲಿಸುವುದು ನಮ್ಮ ಕೆಲಸ. ಮಕ್ಕಳ ಆಸ್ಪತ್ರೆಯ ಕ್ಯಾಂಟೀನಿಗೆ ಹೋಗುತ್ತಿತ್ತು, ಎರಡು ಶಾಲೆಗಳಿಗೆ ಹೋಗುತ್ತಿತ್ತು. ಶ್ರೀಮಂತರಾಗಲಿಲ್ಲ, ಆದರೆ ಯಾರ ಮುಂದೆಯೂ ಕೈಚಾಚಲಿಲ್ಲ.

ನನ್ನ ನಾದಿನಿಗೆ ಶೆಡ್ಡಿನಲ್ಲಿ ಬ್ರಷ್ಷಕ್ಕ ಎಂದೇ ಹೆಸರು. ಬಾಟಲಿ ಉಜ್ಜುವ ಬ್ರಷ್ಷು ಕೈಯಲ್ಲಿಲ್ಲದೆ ಅವಳನ್ನು ಕಂಡವರಿಲ್ಲ. ನಾನು ಮಾತಿನ ಮಧ್ಯೆ ಕಿವಿ ಕೆರೆದುಕೊಂಡರೆ ಸಾಕು, "ಅತ್ತಿಗೆ, ಕೈ!" ಎಂದು ಕೂಗುತ್ತಿದ್ದಳು. ತಮ್ಮ ಇಲಾಖೆಯ ತಪಾಸಣಾಧಿಕಾರಿಗಳು ಮೊದಲ ಸಲ ಬಂದಾಗ ಅವರನ್ನೂ ಬಾಗಿಲಲ್ಲೇ ತಡೆದು ನಿಲ್ಲಿಸಿದ್ದಳು. "ಸಾರ್, ಶೂ ಬಿಚ್ಚಿ, ಟೋಪಿ ಹಾಕ್ಕೊಳ್ಳಿ, ಮೊಣಕೈ ತನಕ ಸೋಪು ಹಚ್ಕೊಂಡು ಬನ್ನಿ." ಪಾಪ, ಅವರು ಒಳ್ಳೆಯವರು, ನಗುನಗುತ್ತಲೇ ತೊಳೆದುಕೊಂಡರು. "ಏನಮ್ಮ ಇದು, ನಾನು ನಿಮ್ಮನ್ನ ಪರೀಕ್ಷೆ ಮಾಡೋಕೆ ಬಂದ್ನೋ, ನೀವು ನನ್ನನ್ನೋ?" ಎಂದರು. ಅವರ ಎದುರಿಗೇ ಮೂರು ಬಾಟಲಿಗಳಿಗೆ ಅರಗಿನ ಮುದ್ರೆ ಬಿತ್ತು. ಒಂದು ಪರೀಕ್ಷೆಗೆ, ಒಂದು ನಾವು ಮೇಲ್ಮನವಿ ಹಾಕಿಕೊಂಡರೆ ಇರಲಿ ಎಂದು, ಇನ್ನೊಂದು ತಮ್ಮ ಕಚೇರಿಯ ಶೀತಪೆಟ್ಟಿಗೆಯಲ್ಲಿ ಕೊನೆಯ ಸಾಕ್ಷಿಯಾಗಿ.

ಮೊದಲ ವರದಿ ಬಂತು. ಬೂಷ್ಟು ಮಿತಿಗಿಂತ ಎಷ್ಟೋ ಪಟ್ಟು ಹೆಚ್ಚು, ಮಾನವ ಸೇವನೆಗೆ ಯೋಗ್ಯವಲ್ಲ. ಪರವಾನಗಿ ಅಮಾನತಾಯಿತು. ಶೆಡ್ಡಿನ ಹೆಂಗಸರು ಒಬ್ಬೊಬ್ಬರಾಗಿ ಬೇರೆ ಕೆಲಸ ಹುಡುಕಿಕೊಂಡರು. ನನಗೆ ಮೊದಲು ಬಂದದ್ದು ಸಿಟ್ಟು. ನನ್ನ ನಾದಿನಿ ಮಾತ್ರ ವರದಿಯನ್ನು ಓದಿ ಮೇಜಿನ ಮೇಲಿಟ್ಟು, "ಆಸ್ಪತ್ರೆ ಮಕ್ಕಳು ಕುಡಿದ್ರಲ್ಲ ಅತ್ತಿಗೆ" ಎಂದಳು. ಅಷ್ಟೇ. ಮಾರನೆಯ ದಿನ ಆಸ್ಪತ್ರೆಗೆ ಹೋಗಿ ವಾರ್ಡಿನ ನರ್ಸಮ್ಮನನ್ನು ಹಿಡಿದು, ಯಾವ ಮಗುವಿಗಾದರೂ ವಾಂತಿಯಾಯಿತೇ, ಹೊಟ್ಟೆ ಕೆಟ್ಟಿತೇ ಎಂದು ಕೇಳಿದಳಂತೆ. "ಯಾರಿಗೂ ಏನೂ ಆಗಿಲ್ಲಮ್ಮ. ರಸ ಯಾಕೆ ಬರ್ತಿಲ್ಲ ಅಂತ ನಮ್ಮನ್ನ ಪೀಡಿಸ್ತಿದಾರೆ ಅಷ್ಟೆ" ಎಂದು ನರ್ಸಮ್ಮ ಹೇಳಿದರೂ ಇವಳು ನಂಬಲಿಲ್ಲ. ಮನೆಗೆ ಬಂದವಳು ಕೈ ತೊಳೆಯತೊಡಗಿದಳು. ಇವತ್ತಿಗೂ ತೊಳೆಯುತ್ತಲೇ ಇದ್ದಾಳೆ, ಮಾನ್ಯರೇ. ಬೆರಳ ಸಂದಿಯಲ್ಲೆಲ್ಲ ಚರ್ಮ ಸುಲಿದಿದೆ.

ಮೇಲ್ಮನವಿ ಹಾಕಿದೆ. ಎರಡನೆಯ ಬಾಟಲಿಯ ಪರೀಕ್ಷೆಯನ್ನು ತಯಾರಕರು ಖುದ್ದಾಗಿ ನೋಡಬಹುದೆಂದು ನಿಯಮವಿದೆಯಂತೆ. ಆ ನಿಯಮವನ್ನು ಬಳಸಿಕೊಂಡ ಮೊದಲ ಪ್ರಾಣಿ ನಾನೇ ಇರಬೇಕು. ಕುರ್ಚಿ ಕೊಡಬೇಕೋ ಬೇಡವೋ ಎಂದು ತಮ್ಮ ಸಿಬ್ಬಂದಿ ಬಹಳ ಹೊತ್ತು ಚರ್ಚಿಸಿ, ಕೊನೆಗೆ ಒಂದು ಸ್ಟೂಲು ಕೊಟ್ಟರು. ಆ ಸ್ಟೂಲಿನ ಮೇಲೆ ಕೂತು ನಾನು ಕಂಡದ್ದನ್ನು ಓದುಗರಿಗೂ ತಿಳಿಯುವಂತೆ ಹೇಳುತ್ತೇನೆ. ಬೂಷ್ಟು ಮತ್ತು ಯೀಸ್ಟ್ ಇದೆಯೇ ಎಂದು ನೋಡಲು ಗುಲಾಬಿ ಬಣ್ಣದ ಒಂದು ಜೆಲ್ಲಿ ಮಾಡುತ್ತಾರೆ. ಅದನ್ನು ಚಪ್ಪಟೆ ತಟ್ಟೆಗಳಲ್ಲಿ ಹೊಯ್ದು, ಗಟ್ಟಿಯಾದ ಮೇಲೆ ರಸದ ಕೆಲವು ಹನಿ ಸವರಿ, ಮುಚ್ಚಳ ಹಾಕಿ ಐದು ದಿನ ಬಿಡುತ್ತಾರೆ. ರಸದಲ್ಲಿ ಕಣ್ಣಿಗೆ ಕಾಣದ ಬೀಜಗಳಿದ್ದರೆ ಅವು ಆ ಜೆಲ್ಲಿಯನ್ನು ತಿಂದು ಬೆಳೆದು ಚುಕ್ಕೆಯಾಗಿ, ತುಪ್ಪಳದ ಗುಂಡಿಯಾಗಿ ಮೇಲೇಳುತ್ತವೆ. ಅವನ್ನು ಎಣಿಸುವುದೇ ಪರೀಕ್ಷೆ. ಜೆಲ್ಲಿಗೆ ಬೂಷ್ಟು ಎಲ್ಲಿಂದ ಬಂದರೂ ಒಂದೇ, ಬಾಟಲಿಯಿಂದ ಬಂದರೂ ಬೆಳೆಸುತ್ತದೆ, ಗಾಳಿಯಿಂದ ಬಿದ್ದರೂ ಬೆಳೆಸುತ್ತದೆ. ಅದಕ್ಕೆ ಪಕ್ಷಪಾತವೆಂಬುದು ಗೊತ್ತಿಲ್ಲ.

ಈಗ ತಮ್ಮ ಪ್ರಯೋಗಾಲಯದ ಕೋಣೆಗೆ ಬರೋಣ. ಗಾಳಿ ಸೋಸುವ ಗಾಜಿನ ಪೆಟ್ಟಿಗೆಯೊಂದು ಅಲ್ಲಿದೆ. ತಟ್ಟೆಗಳನ್ನು ತೆರೆಯಬೇಕಾದದ್ದು ಅದರೊಳಗೆ. ಅದರ ಸೋಸುಪರದೆ ಹಾಳಾಗಿ ಹೊಸದು ಬಂದಿಲ್ಲವಾದ್ದರಿಂದ ಆ ಪೆಟ್ಟಿಗೆಯಲ್ಲಿ ಸಿಬ್ಬಂದಿಯ ಛತ್ರಿ ಮತ್ತು ಊಟದ ಡಬ್ಬಿಗಳಿವೆ. ತಟ್ಟೆಗಳು ಮೇಜಿನ ಮೇಲೆ. ಜೆಲ್ಲಿ ಆರುವಾಗ ಮುಚ್ಚಳದ ಒಳಗೆ ಹನಿಗಟ್ಟುತ್ತದೆ, ಹನಿ ಬಿದ್ದರೆ ಚುಕ್ಕೆಗಳು ಕಲಸಿಹೋಗುತ್ತವೆ. ಅದಕ್ಕಾಗಿ ಮುಚ್ಚಳಗಳನ್ನು ಓರೆ ಮಾಡಿಟ್ಟು, ಮೇಲಿನ ಫ್ಯಾನನ್ನು ಜೋರಾಗಿ ಹಾಕಿ ಒಣಗಿಸುವುದು ಅಲ್ಲಿನ ಪದ್ಧತಿ. ಮೇಜಿನ ಹಿಂದಿನ ಗೋಡೆ ಸೂರಿನಿಂದ ಸೊಂಟದೆತ್ತರದವರೆಗೆ ಒದ್ದೆ. ಅದರ ಮೇಲೆ ಬೂದು ಹಸಿರಿನ ಬೂಷ್ಟು ಹುಲುಸಾಗಿ ಬೆಳೆದು, ಫ್ಯಾನಿನ ಗಾಳಿಗೆ ಹಿತವಾಗಿ ಮೈಯೊಡ್ಡಿಕೊಂಡಿದೆ. ಅಷ್ಟು ನೆಮ್ಮದಿಯ ಸರ್ಕಾರಿ ನೌಕರಿ ಇನ್ನಾರಿಗಿದೆ? ಗೋಡೆ ಯಾಕೆ ಒದ್ದೆ ಎಂದು ಕೇಳಿದೆ. ಮೇಲಿನ ಮಹಡಿಯ ಸ್ನಾನದ ಕೋಣೆಯ ಕೊಳವೆ ಸೋರುತ್ತಿದೆಯಂತೆ. ಮೇಲಿನ ಮಹಡಿಯಲ್ಲಿ ಯಾರಿದ್ದಾರೆ ಎಂದು ಕೇಳಿದೆ. ಎಲ್ಲರೂ ಸೂರು ನೋಡಿದರು. ತಾವಿದ್ದೀರಿ, ಮಾನ್ಯರೇ.

ಪರೀಕ್ಷೆ ಮಾಡುವ ವಿಶ್ಲೇಷಕಿ ಓದಿಕೊಂಡ ಹೆಣ್ಣುಮಗಳು. ಅವರು ನನಗೆ ಹೇಳಿದ ಗುಟ್ಟೇನೂ ಇಲ್ಲ, ಇಡೀ ಕಚೇರಿಗೆ ಗೊತ್ತಿರುವುದನ್ನೇ ಹೇಳಿದರು, ಆದ್ದರಿಂದ ಅವರಿಗೆ ನೋಟಿಸು ಕೊಡುವ ಶ್ರಮ ತಮಗೆ ಬೇಡ. "ಈ ಗೋಡೆಯದ್ದೇ ತಟ್ಟೆಗೆ ಬೀಳಲ್ವಾ ಮೇಡಂ?" ಎಂದೆ.

"ಬೀಳುತ್ತಮ್ಮ."

"ಹಾಗಾದ್ರೆ ಯಾವುದು ಗೋಡೆದು, ಯಾವುದು ರಸದ್ದು ಅಂತ ಹೇಗೆ ಗೊತ್ತಾಗುತ್ತೆ?"

"ಅದಕ್ಕೇ ಒಂದು ಖಾಲಿ ತಟ್ಟೆ ಇಡ್ತಾರಮ್ಮ. ಏನೂ ಸವರದೆ, ಬರೀ ಜೆಲ್ಲಿ ಇರೋದು. ಮಿಕ್ಕಿದ್ದರ ಪಕ್ಕದಲ್ಲೇ ಅದನ್ನೂ ಹಾಗೇ ತೆರೆದು, ಹಾಗೇ ಮುಚ್ಚಿ ಇಟ್ಟುಬಿಡೋದು. ಐದನೇ ದಿನ ಅದ್ರಲ್ಲಿ ಏನಾದ್ರೂ ಬೆಳೆದಿದ್ರೆ ಅದು ನಮ್ಮ ಕೋಣೆದು. ಆವತ್ತಿನ ಪರೀಕ್ಷೆ ಎಲ್ಲಾ ರದ್ದು, ಮತ್ತೆ ಮೊದಲಿಂದ ಮಾಡ್ಬೇಕು."

"ಮತ್ತೆ ನಿಮ್ಮ ಖಾಲಿ ತಟ್ಟೆ ಎಲ್ಲಿ?"

"ಆಡಿಟ್ಟಿನವರು ನಿಲ್ಲಿಸಿಬಿಟ್ರು."

ನಾನು ತಪ್ಪು ಕೇಳಿಸಿಕೊಂಡೆನೇನೋ ಎಂದುಕೊಂಡೆ. ಇಲ್ಲ. ಲೆಕ್ಕಪರಿಶೋಧಕರು, ಪರೀಕ್ಷೆಗೆ ಬಂದ ಮಾದರಿಗಳಿಗಿಂತ ಬಳಸಿದ ತಟ್ಟೆಗಳು ಹೆಚ್ಚಿವೆಯೆಂದು ಕಂಡುಹಿಡಿದರಂತೆ. ಯಾವ ಮಾದರಿಯನ್ನೂ ಹಾಕದ ತಟ್ಟೆಗೆ ಜೆಲ್ಲಿ ಏಕೆ, ಏನೂ ಇಲ್ಲದ್ದನ್ನು ಪರೀಕ್ಷಿಸಲು ಸಾರ್ವಜನಿಕರ ಹಣ ಏಕೆ ಎಂದು ಆಕ್ಷೇಪ ಎತ್ತಿದರಂತೆ. ಅದಕ್ಕೆ ವಿವರಣೆ ಬರೆಯುವುದಕ್ಕಿಂತ ತಟ್ಟೆ ನಿಲ್ಲಿಸುವುದು ಸುಲಭವೆಂದು ತಾವು ಸುತ್ತೋಲೆ ಹೊರಡಿಸಿದಿರಿ. ಮಾದರಿರಹಿತ ತಟ್ಟೆಗಳ ಬಳಕೆಯನ್ನು ಕೂಡಲೇ ನಿಲ್ಲಿಸತಕ್ಕದ್ದು. ಆ ಸುತ್ತೋಲೆ ಅದೇ ಒದ್ದೆ ಗೋಡೆಯ ಮೇಲೆ ಅಂಟಿಸಲ್ಪಟ್ಟಿದೆ, ಅದರ ಒಂದು ಮೂಲೆಗೂ ಬೂಷ್ಟು ಹಿಡಿದಿದೆ. ನಾನೇನೂ ಕಟ್ಟುಕಥೆ ಹೇಳುತ್ತಿಲ್ಲ, ಹೋಗಿ ನೋಡಬಹುದು, ಮೆಟ್ಟಿಲಿಳಿದರೆ ಸಾಕು.

ತಕ್ಕಡಿಯ ತಟ್ಟೆ ಖಾಲಿಯಿದ್ದಾಗ ಮುಳ್ಳು ನೆಟ್ಟಗಿದೆಯೇ ಎಂದು ಬೀದಿಯ ತರಕಾರಿಯವನ ಹತ್ತಿರವೂ ನಾವು ನೋಡುತ್ತೇವೆ. ತರಕಾರಿ ಇಲ್ಲದ ತಟ್ಟೆಯನ್ನು ನೋಡಿ ಏನುಪಯೋಗ ಎಂದು ಯಾವ ಗಿರಾಕಿಯೂ ಕೇಳುವುದಿಲ್ಲ. ಅಷ್ಟೂ ತಿಳಿಯದವರ ಕೈಗೆ ನಮ್ಮ ಅನ್ನದ ಮೇಲೆ ಸಹಿ ಹಾಕುವ ಅಧಿಕಾರ ಹೇಗೆ ಬಂತು? ತಮ್ಮ ಹೊರಕೋಣೆಯ ಬೆಂಚಿನಲ್ಲಿ ನನ್ನಂತೆಯೇ ಕೂತಿದ್ದವರನ್ನು ಮಾತನಾಡಿಸಿದೆ. ಬ್ರೆಡ್ಡಿನವರದ್ದು ಬೂಷ್ಟು, ಜಾಮಿನವರದ್ದು ಬೂಷ್ಟು, ವಿನೆಗರ್ ಮಾಡುವವರದ್ದೂ ಬೂಷ್ಟು, ಎಲ್ಲರದ್ದೂ ಬೂದು ಹಸಿರು. ವಿನೆಗರಿನ ಹುಳಿಯಲ್ಲೂ ಅದು ಇಷ್ಟು ಸೊಂಪಾಗಿ ಸಂಸಾರ ಹೂಡುತ್ತದೆಂದು ಕಂಡುಹಿಡಿದ ಕೀರ್ತಿ ತಮ್ಮ ಕಚೇರಿಗೇ ಸಲ್ಲಬೇಕು. ದೊಡ್ಡ ಕಾರ್ಖಾನೆಗಳ ಸರಕು ಮಾತ್ರ ಸದಾ ಶುದ್ಧ. ಇರದೇ ಏನು? ಅವರು ಕಾರ್ಖಾನೆಯ ಸ್ವಂತ ಪ್ರಯೋಗಾಲಯದ ವರದಿ ಕೊಡುತ್ತಾರೆ, ತಾವು ಒಪ್ಪುತ್ತೀರಿ. ಅವರ ಬಾಟಲಿ ತಮ್ಮ ಗೋಡೆಯನ್ನು ಕಂಡೇ ಇಲ್ಲ.

ತಮ್ಮನ್ನೂ ಒಮ್ಮೆ ಕಂಡೆ. ತಮಗೆ ನೆನಪಿರಲಾರದು. ಖಾಲಿ ತಟ್ಟೆಯ ವಿಷಯ ಹೇಳಿದಾಗ ತಾವು ಕನಿಕರದಿಂದಲೇ ನಕ್ಕು, "ಖಾಲಿ ತಟ್ಟೇಲಿ ಪರೀಕ್ಷೆ ಮಾಡೋಕೆ ಏನಿರುತ್ತಮ್ಮ?" ಎಂದಿರಿ. ಗೋಡೆಯ ವಿಷಯಕ್ಕೆ, "ಅದು ಕಟ್ಟಡ ವಿಭಾಗದ್ದು, ಬರೆದಿದೀವಿ" ಎಂದಿರಿ. ನನ್ನ ದೂರಿನ ಬಗ್ಗೆ ಪ್ರಯೋಗಾಲಯದಿಂದಲೇ ವರದಿ ತರಿಸಿಕೊಳ್ಳುವುದಾಗಿ ಭರವಸೆ ಕೊಟ್ಟು, ಎದ್ದುಹೋಗಿ ಸ್ನಾನದ ಕೋಣೆಯಲ್ಲಿ ಕೈ ತೊಳೆದುಕೊಂಡಿರಿ. ಕೊಳವೆಯಲ್ಲಿ ನೀರು ಇಳಿದ ಸದ್ದನ್ನು ನಾನು ಕೂತು ಕೇಳಿದೆ. ಎರಡನೆಯ ಬಾಟಲಿಯೂ ಅನುತ್ತೀರ್ಣವಾಯಿತೆಂದು ಆಮೇಲೆ ತಿಳಿಯಿತು.

ಸಾಲ ಸೋಲ ಮಾಡಿ ಬೇರೆ ಊರಿನ ಖಾಸಗಿ ಪ್ರಯೋಗಾಲಯಕ್ಕೆ ಆ ಮೂರು ಬಾಟಲಿಗಳನ್ನು ತುಂಬಿದ ದಿನವೇ ತುಂಬಿದ ಇನ್ನೊಂದು ಬಾಟಲಿ ಕಳಿಸಿದೆ. ಬೂಷ್ಟಿಲ್ಲ, ಯೀಸ್ಟಿಲ್ಲ. ಅದು ತಮಗೆ ಮಾನ್ಯವಲ್ಲ, ನಮ್ಮದೇನು ದೊಡ್ಡ ಕಾರ್ಖಾನೆಯೇ? ಆದರೆ ನನ್ನ ನಾದಿನಿಗಾದರೂ ಸಮಾಧಾನವಾದೀತೆಂದು ಓಡಿಹೋಗಿ ತೋರಿಸಿದೆ. ಅವಳು ಅದನ್ನು ಮುಟ್ಟಲೂ ಇಲ್ಲ.

"ಇದು ನಾವು ದುಡ್ಡು ಕೊಟ್ಟು ಮಾಡಿಸಿದ್ದಲ್ವಾ ಅತ್ತಿಗೆ? ನಮಗೆ ಬೇಕಾದ್ದನ್ನೇ ಬರೆದುಕೊಡ್ತಾರೆ. ಸರ್ಕಾರದವರಿಗೆ ನಮ್ಮ ಮೇಲೇನು ಹಗೆ? ಅವರು ಯಾಕೆ ಸುಳ್ಳು ಹೇಳ್ತಾರೆ?"

"ಸುಳ್ಳಲ್ಲ ಕಣೇ, ಗೋಡೆ ಕೆಟ್ಟಿದೆ. ನಾನೇ ಕಣ್ಣಾರೆ ನೋಡ್ದೆ."

"ನನ್ನನ್ನ ಸಮಾಧಾನ ಮಾಡೋಕೆ ನೀವು ಏನು ಬೇಕಾದ್ರೂ ಹೇಳ್ತೀರಿ."

ಈ ಊರಿನಲ್ಲಿ ತಮ್ಮ ಇಲಾಖೆಯ ಮಾತನ್ನು ಯಾರೂ ನಂಬುವುದಿಲ್ಲ. ಬೆಂಚಿನಲ್ಲಿದ್ದ ಬ್ರೆಡ್ಡಿನವರು ನಂಬುವುದಿಲ್ಲ, ಸ್ಟೂಲು ಕೊಟ್ಟ ನೌಕರ ನಂಬುವುದಿಲ್ಲ, ಸಹಿ ಹಾಕುವ ವಿಶ್ಲೇಷಕಿ ನಂಬುವುದಿಲ್ಲ, ತಾವೂ ನಂಬುತ್ತೀರೆಂದು ನನಗೆ ಅನ್ನಿಸುವುದಿಲ್ಲ. ಸರ್ಕಾರದ ಕಾಗದದಲ್ಲಿ ಬರೆದದ್ದು ನಿಜವೇ ಇರಬೇಕೆಂದು ನಂಬಿರುವವಳು ಒಬ್ಬಳೇ ಒಬ್ಬಳು, ತಾವು ಕೊಳಕಿಯೆಂದು ತೀರ್ಪು ಕೊಟ್ಟ ಆ ಹೆಣ್ಣುಮಗಳು. ತನ್ನ ಕೈಯನ್ನು ತಾನೇ ನಂಬದಷ್ಟು ತಮ್ಮನ್ನು ನಂಬಿದ್ದಾಳೆ. ಊಟಕ್ಕೆ ಕರೆದರೆ, ನಾನು ಬಡಿಸಿದರೆ ಮಾತ್ರ ಬರುತ್ತಾಳೆ. ಮೊನ್ನೆ ನನ್ನ ಮೊಮ್ಮಗು ನೀರು ಕೇಳಿದರೆ ಲೋಟ ಎತ್ತಿಕೊಂಡವಳು ಹಾಗೇ ನಿಂತುಬಿಟ್ಟಳು. "ನೀವೇ ಕೊಡಿ ಅತ್ತಿಗೆ" ಎಂದಳು. ಅವತ್ತು ನಾನು ಅಡುಗೆಮನೆಯ ಬಾಗಿಲು ಹಾಕಿಕೊಂಡು ಅತ್ತೆ. ನಾಚಿಕೆಯಿಲ್ಲದೆ ಇದನ್ನಿಲ್ಲಿ ಬರೆಯುತ್ತಿದ್ದೇನೆ.

ಇನ್ನು ಮೂರನೆಯ ಬಾಟಲಿ. ಅದನ್ನು ಸದ್ಯದಲ್ಲೇ ತೆರೆಯುವುದಾಗಿ ತಮ್ಮ ನೋಟಿಸು ಬಂದಿದೆ. ಅದೇ ಕೋಣೆ, ಅದೇ ಮೇಜು, ಅದೇ ಫ್ಯಾನು. ಫಲಿತಾಂಶ ಏನೆಂದು ನಾನು ಈಗಲೇ ಹೇಳಬಲ್ಲೆ, ಅದಕ್ಕೆ ಐದು ದಿನ ಬೇಕಾಗಿಲ್ಲ. ಅದೂ ಕೆಟ್ಟರೆ ಪರವಾನಗಿ ಶಾಶ್ವತವಾಗಿ ರದ್ದು. ನನ್ನ ನಾದಿನಿಯಂತೂ, "ಅದನ್ನ ತೆಗೀಬೇಡಿ ಅಂತ ಹೇಳಿ ಅತ್ತಿಗೆ, ನಾವೇ ಬಿಟ್ಟುಬಿಡೋಣ, ಮೂರನೇ ಸಲ ಕೇಳೋಕೆ ನನ್ನಿಂದಾಗಲ್ಲ" ಎಂದು ಗೋಗರೆಯುತ್ತಿದ್ದಾಳೆ. ಅವಳ ಮಾತಿಗೆ ಒಪ್ಪಿದ್ದೇನೆ. ಪರವಾನಗಿಯ ಆಸೆ ನಾನು ಬಿಟ್ಟಾಯಿತು. ಶೆಡ್ಡಿನ ಬೀಗದ ಕೈ ಮಾಲೀಕರಿಗೆ ಕೊಟ್ಟಾಯಿತು. ಅಲ್ಲಿ ಈಗ ಹಳೆಯ ಟೈರು ತುಂಬಿದ್ದಾರೆ.

ಆದ್ದರಿಂದ ನನ್ನ ಬೇಡಿಕೆ ತೀರ ಚಿಕ್ಕದು. ನಮ್ಮ ಬಾಟಲಿಯನ್ನು ತೆರೆಯಬೇಡಿ, ಚರಂಡಿಗೆ ಚೆಲ್ಲಿ. ಅದಕ್ಕೆಂದು ಎತ್ತಿಟ್ಟ ಜೆಲ್ಲಿಯನ್ನು ಒಂದು ತಟ್ಟೆಗೆ ಹೊಯ್ದು, ಏನೂ ಸವರದೆ, ಎಂದಿನಂತೆ ಮುಚ್ಚಳ ಓರೆ ಮಾಡಿ, ಎಂದಿನಂತೆ ಫ್ಯಾನು ಹಾಕಿ, ಐದು ದಿನ ಇಟ್ಟು ನೋಡಿ. ಅದರಲ್ಲಿ ಎಷ್ಟು ಬೆಳೆಯಿತೋ ಎಣಿಸಿ, ತಮ್ಮ ಕಚೇರಿಯ ಮುದ್ರೆಯಿರುವ ಕಾಗದದಲ್ಲಿ ಬರೆದು ಕಳಿಸಿ. ಆಡಿಟ್ಟಿನವರು ಕೇಳಿದರೆ ಆ ಜೆಲ್ಲಿಯ ಹಣ ನಾನು ಕಟ್ಟುತ್ತೇನೆ. ಕಾಗದ ನನಗೆ ಬೇಡ, ನನ್ನ ನಾದಿನಿಯ ಹೆಸರಿಗೆ ಕಳಿಸಿ. ನಾನು ಹೇಳಿದರೆ ಅವಳು ನಂಬುವುದಿಲ್ಲ. ತಾವು ಹೇಳಿದರೆ ನಂಬುತ್ತಾಳೆ.

ತಾವು ಕಳಿಸುವುದಿಲ್ಲ ಎಂದು ನನಗೆ ಗೊತ್ತು. ಅವಳಿಗೆ ಗೊತ್ತಿಲ್ಲ. ಹೀಗೊಂದು ಕಾಗದ ಕೇಳುತ್ತೇನೆಂದು ನಾನು ಹೇಳಿದಾಗಿನಿಂದ, ಅಂಚೆಯವನು ಬರುವ ಹೊತ್ತಿಗೆ ಬಾಗಿಲಿಗೆ ಬಂದು ನಿಲ್ಲುತ್ತಾಳೆ.

ಇಂತಿ,
ತಮ್ಮ ಕೊಳವೆಯ ಕೆಳಗೆ ಅನುತ್ತೀರ್ಣಳಾದ,
ಬ್ರಷ್ಷಕ್ಕನ ಅತ್ತಿಗೆ